ಊಸರವಳ್ಳಿಗೊಂದು ಜನತಾ ಮನೆ

ಅಡಿಕೆಗೆ ರೇಟು ಬಂದ ವರ್ಷ ಚನ್ನಗಿರಿ ತಾಲ್ಲೂಕಿನ ಮನೆಗಳಿಗೆ ಮೊದಲು ಬುಲೆಟ್ ಬೈಕು ಬರುತ್ತದೆ, ಆಮೇಲೆ ತಾರಸಿ ಮೇಲೊಂದು ಮಹಡಿ, ಅದರ ಹಿಂದೆಯೇ ಮುಧೋಳ ನಾಯಿ. ಈಗ ಊಸರವಳ್ಳಿಯ ಸರದಿ. ಯೆಮನ್ ದೇಶದ, ತಲೆ ಮೇಲೆ ಟೋಪಿ ಹೊತ್ತ ಹಸಿರು ಊಸರವಳ್ಳಿಯ ರೀಲ್ಸ್ ನೋಡಿದ ತೋಟದ ಮನೆಯ ಹುಡುಗರು ಕೇಳುವುದು ಒಂದೇ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಇದಕ್ಕೊಂದು ಗೂಡು ಮಾಡೋದು ಹೇಗೆ? ಹತ್ತೆಕರೆ ತೋಟ ಇದ್ದವನಿಗೂ ಪ್ರಾಣಿಯ ಲೆಕ್ಕ ಬಂದಾಗ ಬಿಪಿಎಲ್ ಕಾರ್ಡು ನೆನಪಾಗುತ್ತದೆ.

ಮಾತಿನ ಚಾಟಿಗೆ ಹೆಸರಾಗಿದ್ದ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾರಿಗನೂರು ಇದೇ ತಾಲ್ಲೂಕಿನದು. ಅವರ ನೆಲದಲ್ಲಿ ನಿಂತು ವ್ಯಂಗ್ಯ ಬರೆಯುವುದು ಅಧಿಕಪ್ರಸಂಗ. ಹಾಗಾಗಿ ನೇರವಾಗಿ ಲೆಕ್ಕಕ್ಕೇ ಬರುತ್ತೇನೆ.

ಮನೆಯಲ್ಲಿ ಖಾಲಿ ಬಿದ್ದಿರುವ ಮೀನಿನ ತೊಟ್ಟಿ ಸಾಲದೇ? ಸಾಲದು. ಗಾಜಿನೊಳಗೆ ಗಾಳಿ ಆಡುವುದಿಲ್ಲ. ಅದರಲ್ಲಿ ಕಾಣುವ ತನ್ನದೇ ಬಿಂಬವನ್ನು ಎದುರಾಳಿ ಎಂದುಕೊಂಡು ಪ್ರಾಣಿ ಮೈ ಕಪ್ಪಾಗಿಸಿಕೊಂಡು ಕೊರಗುತ್ತದೆ. ಬೆಳೆದ ಊಸರವಳ್ಳಿಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿ ಗೂಡು ಬೇಕು. ಅದೂ ಒಂದಕ್ಕೊಂದು; ಜೊತೆಗೆ ಇನ್ನೊಂದನ್ನು ಬಿಟ್ಟರೆ ಎರಡೂ ಸೊರಗುತ್ತವೆ. ಒಂದೇ ರೂಮಿನಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುವ ನಮ್ಮ ಹಾಸ್ಟೆಲ್ ಮಕ್ಕಳಿಗೆ ಈ ಸೌಕರ್ಯ ಹೇಳಬೇಡಿ, ಬಣ್ಣ ಬದಲಿಸುವುದನ್ನು ಅವರೂ ಕಲಿತಾರು.

ಬಟ್ಟಲಲ್ಲಿಟ್ಟ ನೀರನ್ನು ಅದು ಮುಟ್ಟುವುದಿಲ್ಲ. ಸ್ಪ್ರೇ ಹೊಡೆದ ದಾಸವಾಳದ ಎಲೆಯ ತುದಿಯಲ್ಲಿ ಹನಿ ಕೂಡಬೇಕು. ಆಗ ಒಂದು ಕಣ್ಣು ಹನಿಯ ಮೇಲೆ, ಇನ್ನೊಂದು ನಿಮ್ಮ ಮೇಲೆ ಇಟ್ಟು, ನೀವು ನಂಬಿಕಸ್ಥರು ಅನ್ನಿಸಿದ ಮೇಲೆಯೇ ನಾಲಿಗೆ ಚಾಚುತ್ತದೆ. ಇಲ್ಲಿ ಮಾತ್ರ ಅಡಿಕೆಯವರಿಗೆ ಖರ್ಚಿಲ್ಲ, ತೋಟದ ಡ್ರಿಪ್ ಪೈಪಿನ ತುಂಡು ಸಾಕು. ಖರ್ಚು ಇರುವುದು ಟ್ಯೂಬ್‌ಲೈಟಿನಲ್ಲಿ. ಅತಿನೇರಳೆ ಕಿರಣ ಸೂಸುವ ವಿಶೇಷ ಟ್ಯೂಬು ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ಕಾಲಿನ ಮೂಳೆ ಬಿಲ್ಲಿನಂತೆ ಬಾಗುತ್ತದೆ. ಆ ಟ್ಯೂಬೋ, ಕೆಲವು ತಿಂಗಳಾದ ಮೇಲೂ ಬೆಳಗುತ್ತಲೇ ಇರುತ್ತದೆ, ಒಳಗಿನ ಕಿರಣ ಸತ್ತಿರುತ್ತದೆ. ಸರ್ಕಾರಿ ಕಚೇರಿಗಳಿಗೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೂಡಿನ ಚೌಕಟ್ಟು ಮಾಡಿಸಲು ಹುಡುಗ ವೆಲ್ಡಿಂಗ್ ಅಂಗಡಿಗೆ ಹೋದ ಅನ್ನಿ.

"ಗೌಡ್ರೆ, ನಾಕೂ ಕಡೆ ಜಾಲರಿನಾ?"

"ಹೂಂ ಕಣಪ್ಪ, ಅದಕ್ಕೆ ಗಾಳಿ ಆಡ್ಬೇಕು."

"ನಮ್ ಜನತಾ ಮನೆಗೆ ಇರೋದೇ ಒಂದು ಕಿಟಕಿ. ಅದಕ್ಕೂ ಬಾಗಿಲು ಕೂರ್ಸಿಲ್ಲ, ಮೂರನೇ ಕಂತು ಬಂದಿಲ್ಲ ನೋಡಿ."

ವೆಲ್ಡರ್ ಹೇಳಿದ್ದು ಹೊಟ್ಟೆಕಿಚ್ಚಿನ ಮಾತಲ್ಲ, ಯೋಜನೆಯ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 2016ರಲ್ಲಿ ಗೊತ್ತು ಮಾಡಿದ ನೆರವು 1.20 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅಷ್ಟೇ. ಈ ನಡುವೆ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡು, ಮೇಸ್ತ್ರಿ ಕೂಲಿ ಎಲ್ಲವೂ ಬಣ್ಣ ಬದಲಿಸಿದವು, ಆ ಅಂಕಿ ಮಾತ್ರ ಕದಲಲಿಲ್ಲ. ಅಡಿಪಾಯಕ್ಕೊಂದು ಫೋಟೊ, ಲಿಂಟಲ್‌ಗೊಂದು ಫೋಟೊ, ಛಾವಣಿಗೊಂದು ಫೋಟೊ. ಜಿಪಿಎಸ್ ಒಪ್ಪಿದರೆ ಕಂತು. ಊಸರವಳ್ಳಿ ಇಷ್ಟು ದಿನ ಕಾಯುವ ಪ್ರಾಣಿಯಲ್ಲ. ಕನಿಷ್ಠ ಸೌಕರ್ಯ ಸಿಗದಿದ್ದರೆ ಅರ್ಜಿ ಕೊಡದೆ, ಧರಣಿ ಕೂರದೆ, ಸುಮ್ಮನೆ ಸತ್ತುಹೋಗುತ್ತದೆ. ಮನುಷ್ಯ ಹೊಂದಿಕೊಳ್ಳುತ್ತಾನೆ. ವಸತಿ ಯೋಜನೆಗಳೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆಯೇ.

ಇನ್ನು ಕೆಲವು ಜಾಣರ ಉಳಿತಾಯ ಯೋಜನೆ ಬೇರೆ. ಯೆಮನ್ನಿನದು ದುಬಾರಿ, ನಮ್ಮ ಬೇಲಿಯದನ್ನೇ ಹಿಡಿದರಾಯಿತು! ಆದರೆ ನಮ್ಮ ನಾಡಿನ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ಸಾಕಿದರೆ ಸರ್ಕಾರಿ ಖರ್ಚಿನಲ್ಲಿ ಸರಳಿನ ಗೂಡು, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಊಸರವಳ್ಳಿಗಲ್ಲ, ನಿಮಗೆ. ವಿದೇಶಿಯದಕ್ಕೂ ಬಿಡುಗಡೆ ಇಲ್ಲ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಸರ್ವರ್ ಡೌನ್ ಎಂಬ ಸಬೂಬು ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ.

ಧಾರಾಳ ಬಜೆಟ್ಟಿನಲ್ಲಿ ಸಾಕಿದ ಉದಾಹರಣೆ ರಾಜ್ಯದಲ್ಲಿ ಇಲ್ಲವೆಂದಲ್ಲ. 2019ರ ಜುಲೈನಲ್ಲಿ ರಾಜೀನಾಮೆ ಬರೆದುಕೊಟ್ಟು ಮುಂಬೈ ಹೋಟೆಲು ಸೇರಿದ ಶಾಸಕರಿಗೆ ಎಸಿ, ಏಕಾಂತ, ಹೊತ್ತುಹೊತ್ತಿಗೆ ಆಹಾರ, ಬಾಗಿಲಲ್ಲಿ ಪೊಲೀಸ್ ಕಾವಲು ಎಲ್ಲವೂ ಇತ್ತು. 23ನೇ ತಾರೀಖು ಸರ್ಕಾರ ಬಿತ್ತು. ಜನ ಅವರನ್ನು ಊಸರವಳ್ಳಿ ಎಂದು ಬೈದದ್ದು ಪ್ರಾಣಿಗೆ ಮಾಡಿದ ಅನ್ಯಾಯ. ಅದು ಬಣ್ಣ ಬದಲಿಸುವುದು ಕೂತ ಕೊಂಬೆಗೆ ಹೊಂದಿಕೊಳ್ಳಲೆಂದಲ್ಲ. ಸಿಟ್ಟು, ಹೆದರಿಕೆ, ಬೆದೆ, ಬಿಸಿಲಿನ ಕಾವು, ಒಳಗೆ ಏನಿದೆಯೋ ಅದನ್ನೇ ಮೈಮೇಲೆ ಬರೆದು ತೋರಿಸುತ್ತದೆ. ಚರ್ಮದೊಳಗಿನ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಬಣ್ಣ ಬದಲಾಗುತ್ತದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಒಳಗಿನದನ್ನು ಹೊರಗೆ ಹಾಕುವ ಶಾಸಕರು ಎಷ್ಟು ಮಂದಿ ಎಂಬುದು ಅಂಥ ಪ್ರಯೋಗಾಲಯಕ್ಕೂ ಎಟುಕದ ಸಂಶೋಧನೆ.

ತೀರಾ ಅಗ್ಗದ ಗೂಡು ಯಾವುದು ಎಂದರೆ, ಹೊಲದ ಬದುವಿನ ಹಳೇ ಬೇಲಿ. ಕಳ್ಳಿ, ಜಾಲಿ, ಲಂಟಾನ ಹೆಣೆದುಕೊಂಡ ಆ ಬೇಲಿಯಲ್ಲಿ ನಾಲ್ಕೂ ಕಡೆ ಗಾಳಿ, ಎಲೆ ಮೇಲೆ ಇಬ್ಬನಿ, ಮೇಲೆ ಪುಕ್ಕಟೆ ಅತಿನೇರಳೆ, ಮಿಡತೆ ಬೇಕಾದಷ್ಟು, ಮೊಟ್ಟೆ ಹೂಳಲು ಬುಡದಲ್ಲಿ ಮಣ್ಣು. ಅದನ್ನು ಜೆಸಿಬಿಯಿಂದ ಕೀಳಿಸಿ, ತಂತಿ ಎಳೆಸಿ, ಬುಡಕ್ಕೆ ಕಳೆನಾಶಕ ಹೊಡೆಸಿ, ಗೂಡು ತಪ್ಪಿದ ಪ್ರಾಣಿ ತೂಗಾಡುತ್ತಾ ರಸ್ತೆ ದಾಟುವಾಗ ವಿಷದ್ದೆಂದು ಕಲ್ಲು ಬೀಸಿ, ಆಮೇಲೆ ಮಹಡಿಯಲ್ಲಿ ಎರಡಡಿ ಜಾಲರಿ ಕಟ್ಟುತ್ತಿದ್ದೇವೆ. ಊಸರವಳ್ಳಿಗೆ ವಿಷವೇ ಇಲ್ಲ.

ಈ ಬೇಸಿಗೆ ತಂತಿ ಬೇಲಿ ಹಾಕಿಸುವವರು ಹಳೇ ಬೇಲಿಯ ಒಂದು ಮಗ್ಗುಲನ್ನಾದರೂ ಹಾಗೇ ಬಿಡಿ. ಪಂಚಾಯ್ತಿಯವರು ದಯವಿಟ್ಟು ಆ ವೆಲ್ಡರ್‌ನ ಮೂರನೇ ಕಂತು ಬಿಡಿ.