ಅವಶಿಷ್ಟ ಮೀಮಾಂಸೆ

ಹಾರುವ ಮುನ್ನ ಕಳಚಬೇಕಾದದ್ದು ಕಳಚದೆ ಉಳಿದರೆ ಅದಕ್ಕೆ ‘ಅವಶಿಷ್ಟ’ವೆಂದು ಹೆಸರು. ಶಾಸ್ತ್ರಕ್ಕೆ ಆಧಾರ ಪುಟ್ಟ ವಿಮಾನಗಳು, ಮುಖ್ಯವಾಗಿ ಸೆಸ್ನಾ 172. ಇದುವರೆಗೆ 40,000ಕ್ಕೂ ಮಿಕ್ಕಿ ತಯಾರಾಗಿರುವುದರಿಂದ ಮರೆವಿಗೆ ಜಾಗದ ಕೊರತೆಯಿಲ್ಲ.

ಅಗ್ರಪೂಜೆ ಟೋ ಬಾರಿಗೆ. ಮುಂದಿನ ಚಕ್ರಕ್ಕೆ ಸಿಕ್ಕಿಸಿ ವಿಮಾನವನ್ನು ಕೈಯಲ್ಲೇ ಎಳೆಯುವ ಕೋಲು ಇದು. ಪೈಲಟ್ ಸೀಟಿನಲ್ಲಿ ಕೂತೊಡನೆ ಎಂಜಿನ್ನಿನ ಮರೆಗೆ ಸರಿಯುತ್ತದೆ. ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಎಂಬುದು ಪೂರ್ವಪಕ್ಷ. ಅನುಪಲಬ್ಧಿಯೂ, ಅಂದರೆ ಕಾಣದಿರುವುದೂ, ಪ್ರಮಾಣವೆಂದು ಭಾಟ್ಟ ಮೀಮಾಂಸಕರೇ ಒಪ್ಪಿದ್ದಾರಲ್ಲ! ಒಪ್ಪಿದ್ದಾರೆ, ಆದರೆ ಷರತ್ತು ಹಾಕಿ: ಇದ್ದಿದ್ದರೆ ಕಾಣಲೇಬೇಕಿದ್ದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲ. ಪ್ರೊಪೆಲ್ಲರ್ ಕಟ್ಟಾ ಭಾಟ್ಟಮತದ್ದು. ಅದರ ಖಂಡನೆ ಒಂದೇ ಏಟಿನದು. ಆಮೇಲೆ ಎಂಜಿನ್ ಬಿಚ್ಚಿ ಒಳಗೆಲ್ಲ ಪರೀಕ್ಷಿಸುವ ಖರ್ಚು ಪೂರ್ವಪಕ್ಷದ್ದು.

ಎರಡನೆಯದು, ನಿಂತ ವಿಮಾನವನ್ನು ನೆಲಕ್ಕೆ ಕಟ್ಟುವ ಹಗ್ಗ. ರೆಕ್ಕೆಯವು ಕಣ್ಣಿಗೆ ಬೀಳುತ್ತವೆ, ಬಾಲದ್ದು ಬೀಳುವುದಿಲ್ಲ. ಥ್ರಾಟಲ್ ಒತ್ತಿದರೂ ವಿಮಾನ ಕದಲದಿದ್ದಾಗ ಇಳಿದು ನೋಡುವವರು ವಿರಳ, ಇನ್ನಷ್ಟು ಒತ್ತುವವರು ಬಹಳ. ಲಾರಿಗಾದರೆ ಕ್ಲೀನರ್ ಇದ್ದಾನೆ. ಚಕ್ರದಡಿಯ ಕಲ್ಲು ತೆಗೆದು, ಬಾಡಿ ಬಡಿದು, ‘ರೈಟ್’ ಅನ್ನುತ್ತಾನೆ. ಸೆಸ್ನಾಕ್ಕೆ ಆ ಭಾಗ್ಯವಿಲ್ಲ.

ಪಿಟೋ ಕೊಳವೆಯದು ಉಭಯತಃಪಾಶ. ಅದು ಗಾಳಿಯ ಒತ್ತಡದಿಂದ ವೇಗ ತಿಳಿಸುವ ನಳಿಗೆ. ಕವರ್ ಹಾಕದಿದ್ದರೆ ಕುಂಬಾರ ಹುಳು ಒಳಗೆ ಮಣ್ಣಿನ ಮನೆ ಕಟ್ಟುತ್ತದೆ. ಹಾಕಿದರೆ ತೆಗೆಯುವುದು ಮರೆಯುತ್ತದೆ. ಕವರಿಗೆ ಕೆಂಪು ಪಟ್ಟಿ ಕಟ್ಟಿ ‘ಹಾರುವ ಮುನ್ನ ತೆಗೆಯಿರಿ’ ಎಂದು ಬರೆದಿದ್ದಾರೆ. ಹುಳುವಿಗೆ ಅಂಥ ಬೋರ್ಡು ಹಾಕುವ ಅಭ್ಯಾಸವಿಲ್ಲ.

ಇಂಥ ಮರೆವಿಗೆಲ್ಲ ಮದ್ದು ಚೆಕ್‌ಲಿಸ್ಟ್, ಹಾರುವ ಮುನ್ನ ನೋಡಬೇಕಾದವುಗಳ ಪಟ್ಟಿ. ಅದರ ಮೂಲ ಮಾತ್ರ ನಗುವ ವಿಷಯವಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ 299 ಬಾಂಬರ್, ನಿಂತಾಗ ಚುಕ್ಕಾಣಿ ಅಲುಗದಂತೆ ಹಿಡಿಯುವ ಕಂಟ್ರೋಲ್ ಲಾಕ್ ತೆಗೆಯದೆಯೇ ಏರಿ ಬಿತ್ತು, ಇಬ್ಬರು ತೀರಿಕೊಂಡರು. ಆಮೇಲೆ ಪಟ್ಟಿ ಬಂತು. ಪಟ್ಟಿ ಬಾಯಿಗೆ ಬಂದಮೇಲೆ ಸಂಧ್ಯಾವಂದನೆಯ ಗತಿಯೇ ಅದಕ್ಕೂ ಆಯಿತು: ತುಟಿ ಪಠಿಸುತ್ತದೆ, ಮನಸ್ಸು ತಿಂಡಿಯ ಕಡೆ. ಸೆಸ್ನಾದವರು ಇದನ್ನರಿತು, ಲಾಕಿಗೆ ತಗಡು ಜೋಡಿಸಿ ಎಂಜಿನ್ ಕೀಲಿಯ ಜಾಗವನ್ನೇ ಮುಚ್ಚಿದರು. ಆ ಲಾಕನ್ನು ಕಳೆದುಕೊಂಡು, ಬದಲಿಗೆ ಮೊಳೆ ಸಿಕ್ಕಿಸುವ ಪ್ರತಿಭೆಗೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಕೊನೆಯದು ವಿಲೋಮ ಅವಶಿಷ್ಟ. ಪೈಪರ್ ಕಬ್‌ನಂಥ, ಸ್ಟಾರ್ಟರ್ ಇಲ್ಲದ ಹಳೆಯ ವಿಮಾನಗಳಲ್ಲಿ ಪ್ರೊಪೆಲ್ಲರನ್ನು ಕೈಯಿಂದ ತಿರುವಿ ಎಂಜಿನ್ ಎಬ್ಬಿಸಬೇಕು. ಥ್ರಾಟಲ್ ತೆರೆದೇ ಇದ್ದು, ಚಕ್ರಕ್ಕೆ ಅಡ್ಡ ಏನೂ ಇಡದಿದ್ದರೆ ವಿಮಾನ ಯಾರಿಗೂ ಕಾಯದೆ ಹೊರಟುಬಿಡುತ್ತದೆ. ಹಗ್ಗ, ಕೋಲು, ಕವರ್ ಎಲ್ಲವೂ ಶಾಸ್ತ್ರೋಕ್ತವಾಗಿ ಕಳಚಿರುತ್ತವೆ. ಉಳಿದವನು ಪೈಲಟ್ ಒಬ್ಬನೇ. ಅವನನ್ನು ಅವಶಿಷ್ಟವೆನ್ನಬಹುದೇ ಎಂದು ಕೇಳೋಣವೆಂದರೆ, ಓಡುತ್ತಿದ್ದಾನೆ.