ಹೆಂಡತಿಗೆ ರಾಜಧಾನಿ ತೋರಿಸಿದ್ದು

ಸೇಡಂನಲ್ಲಿ ಸಂಸಾರ ಹೂಡಿದ ಜಿಪುಣನಿಗಿರುವ ಸೌಕರ್ಯ ಬೇರೆ ಊರಿನ ಜಿಪುಣರಿಗಿಲ್ಲ. ಹೆಂಡತಿ ರಾಜಧಾನಿ ನೋಡಬೇಕೆಂದರೆ ಮಾವ ಕೊಡಿಸಿದ ಮೋಟಾರ್ ಸೈಕಲ್ಲಿಗೆ ಒಂದಿಷ್ಟು ಪೆಟ್ರೋಲ್ ಹಾಕಿಸಿ ಮಳಖೇಡಕ್ಕೆ ಕರೆದೊಯ್ದರಾಯಿತು. ರಾಷ್ಟ್ರಕೂಟರ ಮಾನ್ಯಖೇಟ! ಅಮೋಘವರ್ಷ ನೃಪತುಂಗ ಕೂತು ಆಳಿದ ಊರು! ಮದುವೆಯಾದ ಹೊಸದರಲ್ಲಿ ನಾನೂ ಅದನ್ನೇ ಮಾಡಿದೆ. ಕೋಟೆಯ ಮೇಲೆ ನಿಂತು, ಕಾಗಿಣಾ ಹೊಳೆಯ ಕಡೆ ಕೈಮಾಡಿ ಭಾಷಣ ಶುರುಮಾಡಿದೆ. ಆಕೆ ದೂರದ ಸಿಮೆಂಟ್ ಕಾರ್ಖಾನೆಯ ಚಿಮಣಿ ನೋಡುತ್ತ ಕೇಳಿದಳು:

“ಅರಮನಿ ಎಲ್ಲದರಿ?”

“972ರಾಗ ಪರಮಾರರ ಸೀಯಕ ಬಂದು ಊರು ಲೂಟಿ ಮಾಡ್ಯಾನ.”

“ಮತ್ತ ನನಗೇನು ತೋರಿಸ್ಲಾಕ ಕರಕೊಂಡು ಬಂದೀರಿ?”

ಸೀಯಕನ ಮೇಲೆ ನನಗೆ ಅಂದಿನಿಂದ ವೈಯಕ್ತಿಕ ದ್ವೇಷ.

ಈಚೆಗೆ ಚಿಂಚೋಳಿಯ ನಾದಿನಿ ಕೊಲಂಬೋಗೆ ಹೋಗಿಬಂದಳು. ರೈಲಿನ ಸದ್ದೇ ಕೇಳದ ಊರಿನವಳು ವಿಮಾನ ಹತ್ತಿದ್ದೇ ನಮ್ಮ ಮನೆಯಲ್ಲಿ ಒಂದು ಭೂಕಂಪ. ಅದರ ಮೇಲೆ ವಾಟ್ಸಾಪ್ ಸ್ಟೇಟಸ್ಸಿನ ಮಳೆ. “ನೋಡ್ರಿ, ಮುಂದ ಇಂಗ್ರೇಜರ ಕಾಲದ ಬಿಲ್ಡಿಂಗ್, ಹಿಂದ ಕಾಜಿನ ಬಿಲ್ಡಿಂಗ್. ರಾಜಧಾನಿ ಅಂದ್ರ ಹಿಂಗಿರಬೇಕು.”

“ಖರೇ ಅಂದ್ರ ಶ್ರೀಲಂಕಾದ ರಾಜಧಾನಿ ಕೊಲಂಬೋ ಅಲ್ಲ. ಪಾರ್ಲಿಮೆಂಟ್ ಇರೋದು ಶ್ರೀ ಜಯವರ್ಧನಪುರ ಕೋಟ್ಟೆಯಾಗ” ಎಂದೆ. ಆ ರಾತ್ರಿ ನನ್ನ ತಟ್ಟೆಗೆ ತೊವ್ವೆಯೂ ಬೀಳಲಿಲ್ಲ. ತೊಗರಿಯ ಸೀಮೆಯಲ್ಲಿ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ.

ಹೀಗಾಗಿ ಹೈದರಾಬಾದ್. ನಮ್ಮ ಕಡೆಯವರ ಲೆಕ್ಕವೇ ಬೇರೆ. 1956ರ ನವೆಂಬರ್ 1ರಂದು ನಮ್ಮನ್ನು ಹೈದರಾಬಾದಿನಿಂದ ಎಬ್ಬಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದರು. ಅಂದಿನಿಂದ ಫೈಲುಗಳು ಬೆಂಗಳೂರಿಗೆ ಹೋಗುತ್ತವೆ. ಮದುವೆ ಜವಳಿ ಮತ್ತು ದೊಡ್ಡ ರೋಗಗಳು ಮಾತ್ರ ಹಳೇ ಹಾದಿ ಬಿಟ್ಟಿಲ್ಲ.

ವಾಡಿಯಿಂದ ಚಿತ್ತಾಪುರ ದಾಟಿ ಬಂದ ಗಾಡಿ ಸೇಡಂನಲ್ಲಿ ಹತ್ತಿದೆವು. ತಾಂಡೂರು ಬರುವ ಮೊದಲೇ ಕಟಕ ರೊಟ್ಟಿಯ ಗಂಟು ಬಿಚ್ಚಿತು. ಶೇಂಗಾ ಹಿಂಡಿಯ ಮೇಲೆ ಎಣ್ಣೆ ಹೊಯ್ದುಕೊಳ್ಳುತ್ತ ನಾನು ಬೋಗಿಗೆಲ್ಲ ಕೇಳುವಂತೆ ಇತಿಹಾಸ ತೆಗೆದೆ. ಬೊಂಬಾಯಿ-ಮದ್ರಾಸ್ ರೈಲುಹಾದಿ ವಾಡಿ, ರಾಯಚೂರು ಹಿಡಿದು ಹೋಗಿಬಿಟ್ಟಿತು. ಹೈದರಾಬಾದ್ ಪಕ್ಕಕ್ಕೆ ಉಳಿಯಿತು. ಸಿಕಂದರಾಬಾದಿನ ದಂಡಿಗೆ ಸಿಪಾಯಿಗಳನ್ನು ಬೇಗ ಸಾಗಿಸಬೇಕೆಂಬ ತರಾತುರಿ ಬ್ರಿಟಿಷರಿಗೆ. ವಾಡಿಯಿಂದ ಸಿಕಂದರಾಬಾದಿಗೆ ಈ ಕವಲು ಹಾದಿ 1874ರಲ್ಲಿ ತೆರೆಯಿತು. “ಅಂದ್ರ, ರೊಕ್ಕ ನಿಜಾಮಂದು, ಜರೂರತ್ತು ಇಂಗ್ರೇಜರ್ದು.”

“ನಿಮ್ಮ ಮೋಟಾರ್ ಸೈಕಲ್ ಹಂಗ” ಎಂದಳು ಆಕೆ, ರೊಟ್ಟಿ ಮುರಿಯುತ್ತ. ಎದುರು ಸೀಟಿನ ಹಿರಿಯರು ಕಿಟಕಿಯ ಕಡೆ ತಿರುಗಿ ನಕ್ಕರು. ವಿಕಾರಾಬಾದಿನವರೆಗೆ ನಾನು ಬಾಯಿ ಬಿಡಲಿಲ್ಲ.

ಚಾರ್‌ಮಿನಾರಿನ ಸುತ್ತ ಏನಾಯಿತೆಂಬುದನ್ನು ಲಾಡ್ ಬಜಾರಿನ ಬಳೆಯಂಗಡಿಗಳೇ ಹೇಳಬೇಕು. ನನ್ನ ಪಾಕೀಟು ಹೇಳುವ ಸ್ಥಿತಿಯಲ್ಲಿಲ್ಲ. ಆದರೆ ಕೋಠಿಯಲ್ಲಿ ನನ್ನ ಕಾಲ ಬಂತೆಂದುಕೊಂಡೆ. ಅಲ್ಲಿ ಮೆಟ್ರೋ, ಸಿಟಿ ಬಸ್ಸು, ಹಳೇ ಪುಸ್ತಕದ ಅಂಗಡಿಗಳ ಗದ್ದಲದ ನಡುವೆ ಬ್ರಿಟಿಷ್ ರೆಸಿಡೆನ್ಸಿ ನಿಂತಿದೆ. ಎದುರಿಗೆ ಆನೆಗಾತ್ರದ ಕಂಬಗಳು, ಮೆಟ್ಟಿಲಿನ ಎರಡೂ ಬದಿಗೆ ಸಿಂಹಗಳು. ಕಟ್ಟಿಸಿದವನು ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್, 1798ರಿಂದ 1805ರವರೆಗೆ ನಿಜಾಮನ ದರಬಾರಿನಲ್ಲಿ ಕಂಪನಿಯ ರೆಸಿಡೆಂಟ್. ಇಂಗ್ರೇಜರ ಠೀವಿಯ ಈ ಬಂಗಲೆ ಆಮೇಲೆ ಹೆಣ್ಣುಮಕ್ಕಳ ಕಾಲೇಜಾಯಿತು. ಇದಕ್ಕಿಂತ ಚಂದದ ಸೇಡು ನನಗೆ ಗೊತ್ತಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಕ್ಷೇಮವಾಗಿ ಮನೆ ಸೇರುತ್ತಿದ್ದೆ. ಆದರೆ ಗೊತ್ತಿದ್ದದ್ದನ್ನು ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಕರ್ಕ್‌ಪ್ಯಾಟ್ರಿಕ್ ಇಲ್ಲಿಯ ದೊಡ್ಡ ಮನೆತನದ ಖೈರುನ್ನೀಸಾಳನ್ನು ಮದುವೆಯಾದ. ಪರದೆಯಲ್ಲಿರುವ ಆಕೆಗೆ ಬಂಗಲೆಯ ಎದುರಿಗೆ ಬಂದು ನಿಂತು ನೋಡುವ ಹಾಗಿರಲಿಲ್ಲವಂತೆ. ಅದಕ್ಕೇ ಜನಾನಾದ ತೋಟದಲ್ಲಿ ಇಡೀ ಬಂಗಲೆಯದೇ ಒಂದು ಪುಟ್ಟ ಪ್ರತಿರೂಪ ಕಟ್ಟಿಸಿಕೊಟ್ಟ ಎನ್ನುತ್ತಾರೆ, ಎಂದೆ.

ಬಳೆಯ ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. “ಕಟ್ಟಿದ ಮನಿ ಹೆಂಡ್ತಿಗಿ ಕಾಣಂಗಿಲ್ಲಂತ ಆ ಮನಷ್ಯಾ ಇನ್ನೊಂದು ಮನಿ ಕಟ್ಟಸ್ಯಾನ. ನೀವು ನೋಡಿದ್ರ, ಚಿತ್ತಾಪುರದ ಪ್ಲಾಟಿಗಿ ಇನ್ನಾ ಕಂಪೌಂಡ್ ಸೈತ ಹಾಕ್ಸಿಲ್ಲ.”

“ಅವನಿಗಿ ಕಂಪನಿ ಪಗಾರ ಇತ್ತು.”

“ನಿಮಗ ಶಹಾಬಾದ್ ಇಲ್ಲೇ ಬಾಜೂಕ್ಕ ಅದಲ್ಲ?”

ಇದಕ್ಕೆ ಉತ್ತರವಿಲ್ಲ. ಶಹಾಬಾದಿನ ಫರಸಿ ಊರೂರಿಗೆ ಹೋಗಿ ಪರರ ಅಡುಗೆಮನೆಗಳಲ್ಲಿ ಹಾಸಿಕೊಂಡು ಬಿದ್ದಿದೆ, ವಾಡಿಯ ಸಿಮೆಂಟು ದೇಶವನ್ನೇ ಕಟ್ಟುತ್ತಿದೆ. ಎರಡಕ್ಕೂ ಹತ್ತಿರವಿರುವ ನನ್ನ ಪ್ಲಾಟಿನಲ್ಲಿ ಜಾಲಿ ಬೆಳೆದಿದೆ.

ವಾಪಸ್ ಬರುವಾಗ ಮಾತು ಹೊರಳಿಸಲು ಬೆಂಗಳೂರು ತೆಗೆದೆ. ಮುಂದಿನ ಸಲ ಅಲ್ಲಿಗೇ ಹೋಗೋಣ, ರಸ್ತೆಯ ಈ ಕಡೆ 1868ರ ಅಠಾರಾ ಕಚೇರಿ, ಆ ಕಡೆ 1956ರ ವಿಧಾನಸೌಧ, ಹಳೇದು ಹೊಸದು ಎದುರುಬದುರು, ಕೊಲಂಬೋ ಏನೂ ಅಲ್ಲ ಎಂದೆ.

ಆಕೆ ಪೂರ್ತಿ ಕೇಳಿದಳು. “ಮೊದಲ ಕಂಪೌಂಡು, ಆಮ್ಯಾಲ ವಿಧಾನಸೌಧ” ಎಂದು ಗೌಂಡಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.