ಮಧುಮೀಮಾಂಸೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ದ್ರಾಕ್ಷಾರಸ ಪ್ರವಾಸದ ಮೇಲೊಂದು ಶಾಸ್ತ್ರೀಯ ವಿಚಾರ

ಪೀಠಿಕೆ

ಬೆಂಗಳೂರಿನವರಿಗೆ ಶನಿವಾರ ಬೆಳಗ್ಗೆ ಬರುವ ಕಾಯಿಲೆಗೆ ಆಯುರ್ವೇದದಲ್ಲಿ ಹೆಸರಿಲ್ಲ. ಊರು ಬಿಡಬೇಕು, ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು, ನಡುವೆ ಏನನ್ನಾದರೂ ಚಪ್ಪರಿಸಿ ಸೋಮವಾರ ಆಫೀಸಿನಲ್ಲಿ ಅದರ ಮೇಲೆ ಭಾಷಣ ಬಿಗಿಯಬೇಕು. ಇವಿಷ್ಟು ಅದರ ಲಕ್ಷಣ. ನಂದಿಬೆಟ್ಟದ ದಿಕ್ಕು ಹಿಡಿದವರಿಗೆ ಮದ್ದು ಸುಲಭ. ಅಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ದ್ರಾಕ್ಷಿ ತೋಟವಿದೆ. ಮೈಸೂರು ರಸ್ತೆಯವರಿಗೆ ಚನ್ನಪಟ್ಟಣವಿದೆ. ಸರ್ಕಾರವೂ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ತಂದು, ಕುಡಿಯುವುದಕ್ಕೂ ಒಂದು ಮಂಡಳಿಯ ಗೌರವ ಒದಗಿಸಿದೆ.

ಪ್ರಸ್ತುತ ಪ್ರಬಂಧಕರ್ತರು ಮಾತ್ರ ಕನಕಪುರ, ಮಳವಳ್ಳಿ ದಾಟಿ ಕೊಳ್ಳೇಗಾಲದ ಕಡೆ ಕಾರು ತಿರುಗಿಸಿದರು. 'ಆ ಕಡೆ ಇನ್ನೂ ಯಾರೂ ಸಂಶೋಧನೆ ಮಾಡಿಲ್ಲ' ಎಂದು ಅವರ ಭಾವಮೈದುನ ಹೇಳಿದ್ದೇ ಕಾರಣ. ಹಿಂದಿನ ಸೀಟಿನಲ್ಲಿ ಪರೀಕ್ಷಕರಾಗಿ ಪ್ರಬಂಧಕರ್ತರ ಅತ್ತೆಯವರು ಕೂತಿದ್ದರು.

ಪೂರ್ವಪಕ್ಷ

ಆ ಮೂರು ತಾಲ್ಲೂಕುಗಳಲ್ಲಿ ದ್ರಾಕ್ಷಾರಸ ಮಾಡುವವರೇ ಸಿಗದಿದ್ದರೆ ಪ್ರವಾಸ ಯಾವುದರ ಮೇಲೆ, ಎಂಬುದು ಪರೀಕ್ಷಕರ ಮೊದಲ ಆಕ್ಷೇಪ. ಭಾಟ್ಟ ಮೀಮಾಂಸಕರು ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅವರ ಪ್ರಕಾರ 'ನೆಲದ ಮೇಲೆ ಗಡಿಗೆ ಇಲ್ಲ' ಎಂಬುದೂ ಒಂದು ತಿಳಿವಳಿಕೆ, ಅದನ್ನು ತಿಳಿಸುವ ಪ್ರಮಾಣದ ಹೆಸರು ಅನುಪಲಬ್ಧಿ. ಗಡಿಗೆಯ ಜಾಗದಲ್ಲಿ ಪೀಪಾಯಿ ಇಟ್ಟುಕೊಂಡರೆ ಕೊಳ್ಳೇಗಾಲಕ್ಕೆ ಶಾಸ್ತ್ರ ಸರಿಹೊಂದುತ್ತದೆ.

ಈ ಅಭಾವಕ್ಕೆ ಚರಿತ್ರೆಯ ಬೆಂಬಲವೂ ಇದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1948ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯವಿಡೀ ಪಾನನಿಷೇಧಕ್ಕೆ ಒಳಪಟ್ಟಿತ್ತು. ಅಲ್ಲಿಂದ ಕೂಗಳತೆಯ ಯಳಂದೂರಾದರೋ ಮೈಸೂರು ಸಂಸ್ಥಾನದ್ದು. ಫ್ರಾನ್ಸಿನ ದ್ರಾಕ್ಷಾರಸದ ಊರುಗಳಂತೆ ಅದಕ್ಕೂ ವಂಶಾವಳಿಯಿದೆ: 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದದ್ದು ಮೊನ್ನೆ ಮೊನ್ನೆ, 2018ರಲ್ಲಿ. ಅದಿನ್ನೂ ಎಳೆಯ ಸರಕು.

ಶಬ್ದನಿರ್ಣಯ

ಸಂಸ್ಕೃತದಲ್ಲಿ 'ಮಧು' ಎಂದರೆ ಮದ್ಯ. ಹೂವಿನ ರಸವೂ ಮಧು, ಜೇನುತುಪ್ಪವೂ ಮಧು. ಅಮರಕೋಶ ಇವೆಲ್ಲವನ್ನೂ ಒಪ್ಪುತ್ತದೆ. ಆದ್ದರಿಂದ ಮಧು ಹುಡುಕಿ ಹೊರಟವನು ಜೇನು ತಂದರೆ ಅವನು ಸೋತನೆನ್ನಲು ವ್ಯಾಕರಣದಲ್ಲಿ ಆಸ್ಪದವಿಲ್ಲ. ಸವಿದು ನೋಡುವ ವಿದ್ಯೆಯೂ ನಮಗೆ ಹಡಗಿನಲ್ಲಿ ಬಂದದ್ದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಪಾನೀಯಭೋಗವೆಂದು ಪ್ರತ್ಯೇಕ ಪ್ರಕರಣವಿಟ್ಟು, ಬರೀ ನೀರನ್ನೇ ಮೂಲ ನೋಡಿ ವಿಂಗಡಿಸಿದ್ದಾನೆ.

ಪರೀಕ್ಷಾವಿಧಿ

ಗ್ಲಾಸನ್ನು ಬೆಳಕಿಗೆ ಹಿಡಿಯುವುದು, ಸುತ್ತಿಸುವುದು, ಮೂಸುವುದು, ಗುಟುಕರಿಸುವುದು, ಉಗುಳುವುದು ಎಂದು ದ್ರಾಕ್ಷಾರಸ ಪರೀಕ್ಷೆಗೆ ಐದು ಅಂಗ. ಕೊನೆಯದಕ್ಕೆ ತರಬೇತಿ ಅನಗತ್ಯ. ಎಲೆಅಡಿಕೆಯ ನಾಡಿನಲ್ಲಿ ಅದು ಹುಟ್ಟುಗುಣ.

ಕೊಳ್ಳೇಗಾಲದ ಟೀ ಅಂಗಡಿಯೊಂದರಲ್ಲಿ ಈ ವಿಧಿಯನ್ನು ಬೈಟು ಟೀ ಮೇಲೆ ಪ್ರಯೋಗಿಸಲಾಯಿತು. ಪ್ರಬಂಧಕರ್ತರು ಗ್ಲಾಸನ್ನು ಬಿಸಿಲಿಗೆ ಹಿಡಿದರು, ಮೂರು ಸುತ್ತು ತಿರುಗಿಸಿದರು, ಕಣ್ಣು ಮುಚ್ಚಿ ಮೂಗು ಒಳಗಿಟ್ಟರು. ಅಂಗಡಿಯವನು ಸೌಟು ಕೆಳಗಿಟ್ಟು ಹತ್ತಿರ ಬಂದ.

"ಯಾಕ್ ಸಾ, ನೊಣ ಬಿದ್ದದಾ?"

'ಏಲಕ್ಕಿ ಮುಂದು, ಶುಂಠಿ ಹಿಂದು, ಕೊನೆಯಲ್ಲಿ ಸೀಮೆಎಣ್ಣೆಯ ಸುಳಿವು' ಎಂದು ಭಾವಮೈದುನ ಟಿಪ್ಪಣಿ ಬರೆದುಕೊಂಡ. ಸೀಮೆಎಣ್ಣೆಯ ವಾಸನೆ ಪಕ್ಕದಲ್ಲಿ ನಿಂತಿದ್ದ ಆಟೋದ್ದೆಂದು ಪರೀಕ್ಷಕರು ತಿದ್ದಿದರು. ಹನೂರಿನಲ್ಲಿ ರಾಗಿ ಅಂಬಲಿಗೆ ಇದೇ ವಿಧಿ ಅನ್ವಯಿಸಿತಾದರೂ, ಸುತ್ತಿಸುವಾಗ ಅದು ಗ್ಲಾಸಿನೊಳಗೆ ತಿರುಗಲೊಪ್ಪಲಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಭಕ್ತರೊಬ್ಬರು ಒಂದೇ ಉಸಿರಿಗೆ ತಮ್ಮ ಲೋಟ ಮುಗಿಸಿ, ಇವರದು ಆರಿತೆಂದು ಮರುಗಿದರು.

ಯಳಂದೂರು ಖಂಡ

ಮುಖ್ಯ ವಿಷಯ ಇರುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ಜೇನನ್ನು ಹುಳುವಿನಿಂದಲೇ ಬೇರೆ ಮಾಡುತ್ತಾರೆ: ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ. ಹೆಜ್ಜೇನು ಎತ್ತರದ ಮರಕ್ಕೋ ಬಂಡೆಯ ಚಾಚಿಗೋ ಒಂದೇ ದೊಡ್ಡ ಹಲ್ಲೆ ಕಟ್ಟುತ್ತದೆ. ಅದನ್ನು ಇಳಿಸಲು ಕತ್ತಲ ರಾತ್ರಿಯಲ್ಲಿ ಹೊಗೆಯ ಸೂಡಿ ಹಿಡಿದು ಹತ್ತಬೇಕು. ನೆಸರಿಗೆ ಕೊಂಡಿಯಿಲ್ಲ. ಅದರ ತುಪ್ಪ ತುಸು ಹುಳಿ, ಸಿಗುವುದು ಚಮಚದ ಲೆಕ್ಕದಲ್ಲಿ. ನೇರಳೆ ಹೂ ಬಿಟ್ಟ ಕಾಲದ ತುಪ್ಪ ನಾಲಗೆಯ ಬುಡದಲ್ಲಿ ಕಹಿ ಉಳಿಸುತ್ತದೆ. ಫ್ರೆಂಚರು 'ಟೆರ್ವಾರ್' ಎಂದು ಮಣ್ಣು, ಇಳಿಜಾರು, ಮಂಜಿನ ಮೇಲೆ ಪುಟಗಟ್ಟಲೆ ಬರೆಯುತ್ತಾರೆ. ಸೋಲಿಗರ ಹಾಡಿಯಾದ ಪೋಡಿನ ಹಿರಿಯರೊಬ್ಬರು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದರು: "ಹೂ ಯಾವ್ದು ಅಂತ ನೋಡುದ್ರೆ ತುಪ್ಪ ಯಾವ್ದು ಅಂತ ಗೊತ್ತಾಯ್ತದೆ ಬುದ್ದಿ."

ದ್ರಾಕ್ಷಾರಸ ಪಂಡಿತರು ಬಾಟಲಿಯ ಮೇಲೆ ಇಸವಿ ಹುಡುಕುತ್ತಾರೆ. ಬಿಳಿಗಿರಿಯ ಜೇನಿಗೂ ಇಸವಿ ಮುಖ್ಯ, ಆದರೆ ಮಳೆಬಿಸಿಲಿನ ಕಾರಣಕ್ಕಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, ಈ ಅಭಯಾರಣ್ಯದಲ್ಲಿ ಮಾರಾಟಕ್ಕೆಂದು ಜೇನು, ನೆಲ್ಲಿ, ಪಾಚಿ ತೆಗೆಯುವುದಕ್ಕೆ ತಡೆ ಬಿತ್ತು. ಕಾಡು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿ, ಜೇನು ತೆಗೆಯಲು ಮತ್ತೆ ದಾರಿಯಾಯಿತು. ಫ್ರಾನ್ಸಿನಲ್ಲಿ ಆಲಿಕಲ್ಲು ಬಿದ್ದು ಒಂದು ವರ್ಷದ ಬೆಳೆ ಹೋದರೆ ಗ್ರಂಥಗಳಲ್ಲಿ ದಾಖಲಾಗುತ್ತದೆ. ಇಲ್ಲಿ ಬಿದ್ದದ್ದು ಗೆಜೆಟ್ಟು.

ಪ್ರಯೋಗ

ಆದಿವಾಸಿ ಸಹಕಾರ ಸಂಘಗಳು ಜೇನನ್ನು ಸೋಸಿ, ತೇವ ತೆಗೆದು ಮಾರುತ್ತವೆ. ಅದಕ್ಕೊಂದು ಕಾರಣವಿದೆ. ಕೋಡೆಕ್ಸ್ ಮಾನದಂಡದಂತೆ ಜೇನಿನಲ್ಲಿ ನೀರು ಶೇ. 20 ಮೀರಬಾರದು. ಮೀರಿದರೆ ಅದರಲ್ಲೇ ಮಲಗಿರುವ ಯೀಸ್ಟು ಎದ್ದು ಸಕ್ಕರೆ ತಿನ್ನಲು ಶುರುಮಾಡುತ್ತದೆ, ತುಪ್ಪ ನೊರೆಗಟ್ಟಿ ಹುಳಿಯುತ್ತದೆ. ಹೆಜ್ಜೇನು ತುಪ್ಪ ಮೊದಲೇ ತೆಳು.

ಪ್ರಬಂಧಕರ್ತರಿಗೆ ಸೋಸಿದ್ದು ಬೇಡ, 'ಅಸಲಿ' ಬೇಕಿತ್ತು. ರಸ್ತೆ ಬದಿಯಲ್ಲಿ ಹಳೆಯ ಬ್ರಾಂದಿ ಬಾಟಲಿಗೆ ತುಂಬಿಟ್ಟ ಜೇನು ಸಿಕ್ಕಿತು. ಚೀಟಿ ಅರ್ಧ ಹರಿದಿದ್ದರೂ ಆರೋಗ್ಯಕ್ಕೆ ಹಾನಿಕರ ಎಂಬ ಭಾಗ ಹಾಗೇ ಇತ್ತು. ಕತ್ತಿನ ಬಳಿ ಬಿಳಿ ಗುಳ್ಳೆಗಳ ಉಂಗುರ. ಮಾರಿದವನು "ಮುಚ್ಳ ಬಿಗಿ ಮಾಡ್ಬೇಡಿ ಸಾ" ಎಂದ. ಗಾಳಿ ತಾಗಿದರೆ ಸುವಾಸನೆ ಕೆಡುತ್ತದೆಂದು ಎಲ್ಲೋ ಓದಿದ್ದ ಭಾವಮೈದುನ ಬಲವೆಲ್ಲ ಬಿಟ್ಟು ತಿರುಪಿದ.

ನಿರ್ಣಯ

ಭಾನುವಾರ ಮಧ್ಯಾಹ್ನ ಮಳವಳ್ಳಿ ದಾಟಿದ ಮೇಲೆ ಡಿಕ್ಕಿಯಲ್ಲಿ 'ಟಪ್' ಎಂದಿತು. ಟೈರೆಂದು ಇಳಿದು ನೋಡಿದರೆ ನಾಲ್ಕೂ ಸರಿಯಾಗಿದ್ದವು. ಡಿಕ್ಕಿ ತೆರೆದಾಗ ಸೂಟ್‌ಕೇಸಿನ ಮೇಲೆ ನೊರೆ ಇನ್ನೂ ಉಕ್ಕುತ್ತಿತ್ತು. ಅತ್ತೆಯವರು ಬೆರಳದ್ದಿ ಬಾಯಿಗಿಟ್ಟುಕೊಂಡರು.

"ಹುಳಿ ಬಂದಿದೆ ಕಣ್ರೀ. ಹೆಂಡ ಆಗೋಗಿದೆ."

ಹೀಗೆ ಆ ಸೀಮೆಯ ಮಧುಶಾಲೆ ಕಾರಿನ ಡಿಕ್ಕಿಯಲ್ಲೇ ಪತ್ತೆಯಾಯಿತು. ಪ್ರಬಂಧಕರ್ತರು ಟಿಪ್ಪಣಿ ಪುಸ್ತಕಕ್ಕಾಗಿ ತಡಕಾಡಿದರು. ಅದು ಸೂಟ್‌ಕೇಸಿನೊಳಗಿತ್ತು. ಮರುದಿನ ಬೆಳಗ್ಗೆ ಅದರ ಪುಟಗಳನ್ನು ಇರುವೆಗಳು ಸಾಲಾಗಿ ಪರಿಶೀಲಿಸುತ್ತಿದ್ದವು.